ನೀರಿಗೆ ಬೆಂಕಿ, ಮಣ್ಣಿಗೆ ಗಾಳಿ

ಕಳೆದ ಸಂಚಿಕೆಯಲ್ಲಿ ಒಂದು ಸಣ್ಣ ಪ್ಯಾರಾ ಬರೆದಿದ್ದೆ. ಎರಡು ವಸ್ತುಗಳನ್ನು ಸೇರಿಸಿ ಮೂರನೆಯದನ್ನು ಕಂಡುಹಿಡಿಯುವ ಮೊಬೈಲ್ ಆಟಗಳು ನನಗೆ ತುಂಬಾ ಇಷ್ಟ, ದಣಿದು ಬಂದ ದಿನ ಅವನ್ನೇ ಆಡುತ್ತೇನೆ ಅಂತ. ಅಷ್ಟಕ್ಕೇ ಎಷ್ಟೊಂದು ಪತ್ರ ಬಂದವು! ಹಾಗಾಗಿ ಈ ಸಲ ಇಡೀ ಅಂಕಣ ಅದಕ್ಕೇ.

ಪ್ರಶ್ನೆ: ಮೇಡಂ, ನನ್ನ ಸೊಸೆ ದಿನಾ ಸಂಜೆ ಮೊಬೈಲಿನಲ್ಲಿ ಮಣ್ಣನ್ನು ಎತ್ತಿ ನೀರಿನ ಮೇಲೆ ಹಾಕುತ್ತಾ ಕೂತಿರುತ್ತಾಳೆ. ಕೇಳಿದರೆ ಮನಸ್ಸಿಗೆ ಹಾಯೆನಿಸುತ್ತೆ ಅಂತಾಳೆ. ಇದರಲ್ಲಿ ಗೆಲ್ಲೋದೆಲ್ಲಿ, ಸೋಲೋದೆಲ್ಲಿ? ನನಗೆ ಅರ್ಥವೇ ಆಗಲಿಲ್ಲ. (67 ವರ್ಷದ ಓದುಗರು)

ಉತ್ತರ: ಅಮ್ಮಾ, ಸೋಲುವುದು ಎಲ್ಲೂ ಇಲ್ಲ. ನಿಮ್ಮ ಸೊಸೆಗೆ ಹಾಯೆನಿಸುವುದು ಅದಕ್ಕೇ ಇರಬೇಕು.

ಆಟ ಹೀಗಿರುತ್ತದೆ. ಶುರುವಿನಲ್ಲಿ ನಾಲ್ಕೇ ವಸ್ತು ಕೊಡುತ್ತಾರೆ: ನೀರು, ಬೆಂಕಿ, ಮಣ್ಣು, ಗಾಳಿ. ಒಂದನ್ನು ಬೆರಳಲ್ಲಿ ಎಳೆದು ಇನ್ನೊಂದರ ಮೇಲೆ ಬಿಡಬೇಕು. ನೀರಿನ ಮೇಲೆ ಮಣ್ಣು ಬಿಟ್ಟರೆ ಕೆಸರು. ನೀರಿನ ಮೇಲೆ ಬೆಂಕಿ ಬಿಟ್ಟರೆ ಹಬೆ. ಮಣ್ಣಿಗೆ ಬೆಂಕಿ ಸೇರಿದರೆ ಲಾವಾ, ಲಾವಾಕ್ಕೆ ಗಾಳಿ ಸೋಕಿದರೆ ಕಲ್ಲು. ಹೀಗೆ ಸಿಕ್ಕಿದ್ದನ್ನೆಲ್ಲ ಮತ್ತೆ ಮತ್ತೆ ಸೇರಿಸುತ್ತಾ ಹೋದರೆ ಗಿಡ, ಮೋಡ, ಮನುಷ್ಯ, ಮನೆ, ಕೊನೆಗೆ ರಾಕೆಟ್ಟಿನವರೆಗೂ ಬರುತ್ತೀರಿ. ಎರಡು ವಸ್ತು ಕೂಡದಿದ್ದರೆ ಏನೂ ಆಗುವುದಿಲ್ಲ. ಗಡಿಯಾರ ಓಡುವುದಿಲ್ಲ, ಅಂಕ ಕಳೆಯುವುದಿಲ್ಲ, "ನೀವು ಸೋತಿರಿ" ಅಂತ ಕೆಂಪಕ್ಷರ ಬರುವುದಿಲ್ಲ. ಇನ್ನೊಂದು ಜೋಡಿ ನೋಡುತ್ತೀರಿ, ಅಷ್ಟೇ. ಇಡೀ ದಿನ ತಪ್ಪಾಗಬಾರದು ತಪ್ಪಾಗಬಾರದು ಅಂತ ಕೆಲಸ ಮಾಡಿ ಬಂದವರಿಗೆ, ತಪ್ಪು ಮಾಡಿದರೂ ಯಾರೂ ಏನೂ ಅನ್ನದ ಒಂದು ಜಾಗ ಸಿಕ್ಕರೆ ಎಷ್ಟು ನಿರಾಳ ನೋಡಿ. ಒಂದು ಸಂಜೆ ಅವರ ಪಕ್ಕ ಕೂತು "ಅದಕ್ಕೆ ಇದನ್ನು ಹಾಕಿ ನೋಡಮ್ಮ" ಅಂತ ಒಂದು ಜೋಡಿ ಹೇಳಿ. ನಿಮ್ಮದು ಸರಿಯಾಗಿ ಕೂಡಿದರೆ ಆಮೇಲೆ ನೀವೂ ಎದ್ದು ಬರುವುದಿಲ್ಲ.

ಅವರು ಆಡುತ್ತಿರುವುದು ಬಹುಶಃ ಲಿಟಲ್ ಆಲ್ಕೆಮಿ. ಪೋಲೆಂಡಿನ ಯಾಕುಬ್ ಕೊಜಿಯೊಲ್ 2010ರಲ್ಲಿ ಮಾಡಿದ ಆಟ ಅದು. 2017ರಲ್ಲಿ ಎರಡನೆಯದು ಬಂತು. ಅದೇ 2010ರಲ್ಲೇ ಡೂಡಲ್ ಗಾಡ್ ಅನ್ನೋದೂ ಬಂದಿತ್ತು, ಅದರಲ್ಲಿ ವಸ್ತುಗಳನ್ನು ಗುಂಪು ಗುಂಪಾಗಿ ಜೋಡಿಸಿಟ್ಟಿರುತ್ತಾರೆ. ನನಗೆ ಲಿಟಲ್ ಆಲ್ಕೆಮಿಯ ಖಾಲಿ ಬಯಲೇ ಹೆಚ್ಚು ಹಿತ.

ಪ್ರಶ್ನೆ: ಭೂತಗಳು ಐದು ಅಂತ ಓದಿದವರು ನಾವು. ಆಟದಲ್ಲಿ ನಾಲ್ಕೇ ಇವೆ. ಆಕಾಶ ಎಲ್ಲಿ ಹೋಯ್ತು? (ನಿವೃತ್ತ ಶಿಕ್ಷಕರು)

ಉತ್ತರ: ಸರ್, ಈ ನಾಲ್ಕು ಬಂದಿರುವುದು ಗ್ರೀಕರಿಂದ. ಕ್ರಿಸ್ತಪೂರ್ವ 5ನೇ ಶತಮಾನದಲ್ಲಿ ಎಂಪೆಡೊಕ್ಲಿಸ್ ಎಂಬ ಗ್ರೀಕ್ ಚಿಂತಕ, ಲೋಕದಲ್ಲಿರುವುದೆಲ್ಲ ಬೆಂಕಿ, ಗಾಳಿ, ನೀರು, ಮಣ್ಣು ಈ ನಾಲ್ಕು ಬೇರುಗಳು ಕೂಡಿ ಅಗಲುವುದರಿಂದ ಆಗಿದ್ದು ಅಂದ. ಕೂಡುವುದಕ್ಕೆ ಪ್ರೀತಿ ಅಂತಲೂ ಅಗಲುವುದಕ್ಕೆ ಕಲಹ ಅಂತಲೂ ಹೆಸರಿಟ್ಟ. ಆಮೇಲೆ ಅರಿಸ್ಟಾಟಲ್ ಮೇಲಿನ ಲೋಕಕ್ಕೆ ಅಂತ ಐದನೆಯದೊಂದನ್ನು ಸೇರಿಸಿದ. ಆಟ ಮಾಡಿದವರು ನಾಲ್ಕಕ್ಕೇ ನಿಲ್ಲಿಸಿದ್ದಾರೆ.

ಆಕಾಶ ಆಟದಲ್ಲಿ ಇದೆ ಸರ್. ಆದರೆ ಅದನ್ನು ನೀವೇ ಮಾಡಿಕೊಳ್ಳಬೇಕು. ಮೊದಲು ಮೋಡ ಹುಡುಕಿ, ಆಮೇಲೆ ಅದಕ್ಕೆ ಗಾಳಿ ಸೇರಿಸಿ.

ಪ್ರಶ್ನೆ: ಅಕ್ಕಾ, ಲಿಟಲ್ ಆಲ್ಕೆಮಿ 2ರಲ್ಲಿ 83ಕ್ಕೆ ಬಂದು ನಿಂತುಬಿಟ್ಟಿದ್ದೀನಿ. ಎರಡು ವಾರದಿಂದ ಹೊಸದು ಒಂದೂ ಸಿಕ್ಕಿಲ್ಲ. ಇಂಟರ್ನೆಟ್ಟಿನಲ್ಲಿ ಎಲ್ಲ ಉತ್ತರಗಳ ಪಟ್ಟಿ ಇದೆ. ನೋಡಿಬಿಡ್ಲಾ?

ಉತ್ತರ: ಬೇಡ. ದಯವಿಟ್ಟು ಬೇಡ.

ನಾನು ಒಂದು ಸಲ ಆ ಕೆಲಸ ಮಾಡಿದ್ದೇನೆ. ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಒಂದೇ ಸಂಜೆಗೆ ನೂರಕ್ಕೂ ಜಾಸ್ತಿ ವಸ್ತು ಸೇರಿಸಿದೆ, ಮರುದಿನ ಆ ಆಟ ತೆರೆಯಬೇಕು ಅಂತಲೇ ಅನಿಸಲಿಲ್ಲ. ಏನೇನು ಸಿಕ್ಕಿತ್ತು ಅನ್ನುವುದೂ ನೆನಪಿಲ್ಲ. ಅದೇ ನಾನಾಗಿ ಕಂಡುಕೊಂಡ ಗಾಜು ಇವತ್ತಿಗೂ ನೆನಪಿದೆ. ಮರಳನ್ನು ಹಿಡಿದು ಅದರ ಮೇಲೆ ಇದ್ದಬದ್ದದ್ದನ್ನೆಲ್ಲ ಹಾಕುತ್ತಾ ಕೂತಿದ್ದೆ, ಬೆಂಕಿ ಬಿಟ್ಟ ತಕ್ಷಣ ಗಾಜು ಬಂತು, ಅರೆ ಹೌದಲ್ವಾ ಅಂತ ಜೋರಾಗಿಯೇ ಅಂದಿದ್ದೆ.

ಸ್ವಲ್ಪ ಲೆಕ್ಕ ಹೇಳುತ್ತೇನೆ, ಯಾಕೆ ಸಿಕ್ಕಿಹಾಕಿಕೊಂಡಿದ್ದೀರಿ ಅಂತ ಗೊತ್ತಾಗುತ್ತದೆ. ನಾಲ್ಕು ವಸ್ತು ಇದ್ದಾಗ ಸಾಧ್ಯವಿರುವ ಜೋಡಿ ಹತ್ತೇ, ಒಂದನ್ನು ಅದರ ಜೊತೆಗೇ ಸೇರಿಸುವುದೂ ಇದರಲ್ಲಿ ಬಂತು. ಲಿಟಲ್ ಆಲ್ಕೆಮಿ 2ರಲ್ಲಿ ಆ ಹತ್ತೂ ಕೂಡುತ್ತವೆ, ಒಂದೂ ಸುಳ್ಳಾಗುವುದಿಲ್ಲ. ಅದಕ್ಕೇ ಶುರುವಿನಲ್ಲಿ ಎಲ್ಲ ಸಲೀಸು ಅನಿಸುತ್ತದೆ. ನಿಮ್ಮ ಹತ್ತಿರ ಈಗ 83 ಇದೆ, ಅಂದರೆ 3,486 ಜೋಡಿ. ಆಟದಲ್ಲಿರುವ 720 ವಸ್ತುವೂ ಸಿಕ್ಕಾಗ ಜೋಡಿಗಳ ಲೆಕ್ಕ 2,59,560 ಆಗುತ್ತದೆ. ಒಂದು ಜೋಡಿಗೆ ಮೂರು ಸೆಕೆಂಡು ಅಂದರೂ ಕಣ್ಣು ಮುಚ್ಚದೆ 9 ದಿನ ಬೇಕು. ಹಾಗಾಗಿ ಎಲ್ಲವನ್ನೂ ಎಲ್ಲದರ ಮೇಲೂ ಹಾಕಿ ನೋಡುವುದು ಒಂದು ಹಂತದ ಮೇಲೆ ನಡೆಯುವುದಿಲ್ಲ. ಅಲ್ಲಿಂದ ಮುಂದೆ ಯೋಚನೆ ಮಾಡಬೇಕು. ನಿಮ್ಮ 83, ಆ ತಿರುವು ಬರುವ ಜಾಗ.

ನಾನು ಮಾಡುವುದನ್ನು ಹೇಳುತ್ತೇನೆ. ಒಂದು ಹೊಸ ವಸ್ತು ಸಿಕ್ಕಿದ ಕೂಡಲೇ ಅದನ್ನು ಅದರ ಮೇಲೆಯೇ ಬಿಟ್ಟು ನೋಡುತ್ತೇನೆ. ಇದನ್ನು ಬಹಳ ಜನ ಮರೆಯುತ್ತಾರೆ. ನೀರಿಗೆ ನೀರು ಸೇರಿದರೆ ನಿಂತ ನೀರಿನ ಒಂದು ಸಣ್ಣ ಗುಂಡಿ, ಅಂಥವೆರಡು ಸೇರಿದರೆ ಹೊಂಡ, ಹೊಂಡಕ್ಕೆ ಹೊಂಡ ಸೇರಿದರೆ ಸರೋವರ, ಹಾಗೇ ಸಮುದ್ರ, ಮಹಾಸಾಗರ. ಮಣ್ಣಿನದೂ ಅದೇ ದಾರಿ: ಮಣ್ಣಿಗೆ ಮಣ್ಣು ಸೇರಿ ನೆಲ, ನೆಲಕ್ಕೆ ನೆಲ ಸೇರಿ ಖಂಡ, ಖಂಡಕ್ಕೆ ಖಂಡ ಸೇರಿ ಗ್ರಹ. ಆಮೇಲೆ ಮನುಷ್ಯ ಸಿಕ್ಕಿದ್ದಾನಾ ನೋಡಿಕೊಳ್ಳಿ. ಸಿಕ್ಕಿಲ್ಲದಿದ್ದರೆ ಬೇರೆಲ್ಲ ಬಿಟ್ಟು ಅವನನ್ನೇ ಹುಡುಕಿ, ಜೇಡಿಮಣ್ಣಿಗೆ ಏನು ಬಂದರೆ ಅದು ಮನುಷ್ಯನಾಗುತ್ತದೆ ಅಂತ ಹಳೆಯ ಕಥೆಗಳನ್ನು ನೆನಪಿಸಿಕೊಂಡರೆ ಸಾಕು. ಅವನು ಬಂದ ಮೇಲೆ ಒಂದೊಂದು ವಸ್ತುವನ್ನೂ ಅವನ ಕೈಗೆ ಕೊಟ್ಟು ನೋಡಿ. ಗಿಡ ಕೊಟ್ಟರೆ ರೈತ, ಲೋಹ ಕೊಟ್ಟರೆ ಸಲಕರಣೆ. ಇಲ್ಲಿಂದ ದಾರಿ ಹತ್ತು ಕಡೆ ಒಡೆಯುತ್ತದೆ.

ಇನ್ನೊಂದು ಸಂಗತಿ, ಇದು ಉತ್ತರ ಹೇಳಿದ ಹಾಗಲ್ಲ, ಆಟದ ನಿಯಮ. ನೂರು ವಸ್ತು ಆದಾಗ ಆಟವೇ ನಿಮಗೆ "ಕಾಲ"ವನ್ನು ಕೊಡುತ್ತದೆ. ಕಾಲವನ್ನು ಬೇರೆ ವಸ್ತುಗಳ ಮೇಲೆ ಹಾಕಿದಾಗ ಆಗುವುದು ನನಗೆ ಇಡೀ ಆಟದಲ್ಲೇ ತುಂಬಾ ಇಷ್ಟವಾದ ಭಾಗ. ನಿಮಗೆ ಇನ್ನು 17 ಬೇಕು. ಈಗ ಬಿಡಬೇಡಿ.

ಪ್ರಶ್ನೆ: ನನ್ನ ಮಗ ಏಳನೇ ಕ್ಲಾಸು. ಆಟದಲ್ಲಿ ನೀರು, ಬೆಂಕಿಗೆಲ್ಲ ಎಲಿಮೆಂಟ್ ಅಂತಾರೆ. ಕಲ್ಲಿಗೆ ಬೆಂಕಿ ಹಾಕಿದರೆ ಲೋಹ ಬರುತ್ತೆ ಅಂತ ಅವನು ನಂಬಿಕೊಂಡಿದ್ದಾನೆ. ತಪ್ಪು ವಿಜ್ಞಾನ ತಲೆಗೆ ಹೋಗುತ್ತಲ್ಲ?

ಉತ್ತರ: ನಿಮ್ಮ ಆತಂಕ ಸರಿಯಾಗಿದೆ, ಆದರೆ ಆಟ ನಿಲ್ಲಿಸಬೇಡಿ. ಅವನ ಪಕ್ಕದಲ್ಲಿ ಕೂತು ಒಂದೊಂದು ಜೋಡಿಗೂ "ನಿಜವಾಗಿ ಹೀಗಾಗುತ್ತಾ?" ಅಂತ ಕೇಳಿ. ನನಗೆ ಗೊತ್ತಿರುವ ಹಾಗೆ ರಸಾಯನಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲು ಕಡಿಮೆ.

ಕೆಲವು ಜೋಡಿ ನಿಜಕ್ಕೆ ಬಹಳ ಹತ್ತಿರ. ಮರಳಿಗೆ ಬೆಂಕಿ ಸೇರಿದರೆ ಗಾಜು, ಇದು ನಿಜ. ಆದರೆ ಶುದ್ಧ ಮರಳು ಕರಗಬೇಕಾದರೆ ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು, ಅಷ್ಟು ಕಷ್ಟ ಬೇಡ ಅಂತ ಸೋಡಾ ಬೂದಿ ಸೇರಿಸಿ ಕಡಿಮೆ ಶಾಖದಲ್ಲೇ ಕರಗಿಸುತ್ತಾರೆ. ಲಾವಾಕ್ಕೆ ಗಾಳಿ ಸೇರಿದರೆ ಕಲ್ಲು, ನೀರು ಸೇರಿದರೆ ಅಬ್ಸಿಡಿಯನ್ ಎಂಬ ಕಪ್ಪು ಗಾಜು ಅಂತ ಆಟ ಹೇಳುತ್ತದೆ. ಇದರ ಹಿಂದೆ ಒಂದು ನಿಜವಿದೆ: ಲಾವಾ ನಿಧಾನವಾಗಿ ಆರಿದರೆ ಒಳಗೆ ಹರಳು ಕಟ್ಟಲು ಸಮಯ ಸಿಗುತ್ತದೆ, ಥಟ್ಟನೆ ತಣಿದರೆ ಹರಳು ಕಟ್ಟದೆ ಗಾಜಿನ ಹಾಗೆ ಗಟ್ಟಿಯಾಗುತ್ತದೆ.

ನಿಮ್ಮ ಮಗನ ಕಲ್ಲು ಮತ್ತು ಬೆಂಕಿ ಮಾತ್ರ ಅರ್ಧ ನಿಜ. ಯಾವುದೋ ಒಂದು ಕಲ್ಲನ್ನು ಎಷ್ಟು ಕಾಯಿಸಿದರೂ ಲೋಹ ಬರುವುದಿಲ್ಲ. ಅದು ಅದಿರಾಗಿರಬೇಕು, ಜೊತೆಗೆ ಇದ್ದಿಲು ಬೇಕು. ಕಬ್ಬಿಣದ ಅದಿರಿನಲ್ಲಿ ಕಬ್ಬಿಣವೂ ಆಮ್ಲಜನಕವೂ ಗಟ್ಟಿಯಾಗಿ ಹಿಡಿದುಕೊಂಡಿರುತ್ತವೆ. ಕಾದ ಇದ್ದಿಲಿನ ಇಂಗಾಲ ಬಂದು ಆಮ್ಲಜನಕವನ್ನು ಕಿತ್ತುಕೊಂಡು ಹೋಗುತ್ತದೆ, ಕಬ್ಬಿಣ ಉಳಿಯುತ್ತದೆ. "ಆಟದವರು ಒಂದು ವಸ್ತು ಬಿಟ್ಟಿದ್ದಾರೆ, ಯಾವುದು ಹೇಳು ನೋಡೋಣ" ಅಂತ ಅವನನ್ನೇ ಕೇಳಿ.

ಇನ್ನು ಎಲಿಮೆಂಟ್ ಅನ್ನುವ ಮಾತು. ನೀರು ಧಾತುವಲ್ಲ, ಜಲಜನಕ ಮತ್ತು ಆಮ್ಲಜನಕ ಸೇರಿದ ಸಂಯುಕ್ತ ಅಂತ ಫ್ರಾನ್ಸಿನ ಲವಾಸಿಯೆ 1783ರಲ್ಲಿ ತೋರಿಸಿಕೊಟ್ಟ. ಅಲ್ಲಿಯವರೆಗೆ ದೊಡ್ಡ ದೊಡ್ಡವರೇ ನೀರನ್ನು ಮೂಲವಸ್ತು ಅಂತ ತಿಳಿದಿದ್ದರು. ಅದೇ ಲವಾಸಿಯೆ 1789ರಲ್ಲಿ 33 ಧಾತುಗಳ ಪಟ್ಟಿ ಕೊಟ್ಟ. ಅದರಲ್ಲಿ ಬೆಳಕು ಮತ್ತು ಶಾಖವೂ ಇದ್ದವು! ಈಗ ನಮಗೆ ಗೊತ್ತಿರುವ ಧಾತುಗಳು 118, ಬೆಳಕೂ ಇಲ್ಲ, ಶಾಖವೂ ಇಲ್ಲ. ಇದನ್ನು ಮಗನಿಗೆ ಹೇಳಿ. ಅವನು ಆಟದಲ್ಲಿ ನಂಬಿದ್ದನ್ನೇ ಎರಡು ಸಾವಿರ ವರ್ಷ ಜನ ನಂಬಿದ್ದರು, ಆಮೇಲೆ ಒಬ್ಬೊಬ್ಬರೇ ಪರೀಕ್ಷೆ ಮಾಡಿ ಬಿಡಿಸಿಕೊಂಡರು ಅಂತ ಗೊತ್ತಾದರೆ ಅವನಿಗೆ ಪಾಠ ಬೇರೆಯೇ ತರಹ ಕಾಣುತ್ತದೆ.

ಒಂದು ಕಥೆ ಹೇಳದೆ ಮುಂದೆ ಹೋಗಲಾರೆ. ಈ ಆಟಗಳ ಹೆಸರಿನಲ್ಲಿರುವ ಆಲ್ಕೆಮಿ ಅಂದರೆ ರಸವಿದ್ಯೆ, ಕೀಳು ಲೋಹವನ್ನು ಚಿನ್ನ ಮಾಡುವ ಆಸೆ. 1669ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಹೆನ್ನಿಗ್ ಬ್ರಾಂಡ್ ಎಂಬ ರಸವಾದಿ ಚಿನ್ನ ಸಿಗುತ್ತದೆಂದು ಮನುಷ್ಯರ ಮೂತ್ರವನ್ನು ತುಂಬಿಟ್ಟು ಕುದಿಸಿ ಬತ್ತಿಸಿದ. ಚಿನ್ನ ಬರಲಿಲ್ಲ. ಕತ್ತಲಲ್ಲಿ ತಾನಾಗಿಯೇ ಹೊಳೆಯುವ ಒಂದು ವಸ್ತು ಬಂತು. ಅದು ರಂಜಕ, ಒಂದು ನಿಜವಾದ ಧಾತು. ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ಏಳನೇ ಕ್ಲಾಸಿನ ಹುಡುಗನಿಗೆ ಮೂತ್ರದ ಕಥೆ ಒಂದು ಸಲ ಹೇಳಿದರೆ ಸಾಕು, ರಂಜಕವನ್ನು ಜೀವನವಿಡೀ ಮರೆಯುವುದಿಲ್ಲ.

ಪ್ರಶ್ನೆ: ಇನ್ಫಿನಿಟ್ ಕ್ರಾಫ್ಟ್ ಅಂತ ಇನ್ನೊಂದಿದೆಯಲ್ಲ, ಅದಕ್ಕೆ ಕೊನೆಯೇ ಇಲ್ಲವಂತೆ, ಹೌದಾ? ಒಂಬತ್ತು ವರ್ಷದ ಮಗಳಿಗೆ ಯಾವುದು ಕೊಡಲಿ?

ಉತ್ತರ: ಮಗಳಿಗೆ ಲಿಟಲ್ ಆಲ್ಕೆಮಿ ಕೊಡಿ. ಕಾರಣ ಹೇಳುತ್ತೇನೆ.

ಇನ್ಫಿನಿಟ್ ಕ್ರಾಫ್ಟ್ ಬಂದಿದ್ದು 2024ರ ಜನವರಿಯಲ್ಲಿ, ಮಾಡಿದವರು ನೀಲ್ ಅಗರ್ವಾಲ್. ಇಲ್ಲೂ ಶುರುವಾಗುವುದು ಅದೇ ನಾಲ್ಕರಿಂದ. ಆದರೆ ಉತ್ತರಗಳನ್ನು ಯಾರೂ ಮುಂಚೆ ಕೂತು ಬರೆದಿಟ್ಟಿಲ್ಲ. ಯಾರೂ ಸೇರಿಸದ ಎರಡು ಪದಗಳನ್ನು ನೀವು ಸೇರಿಸಿದಾಗ, ಒಂದು ಎಐ ಮಾಡೆಲ್ ಆ ಕ್ಷಣದಲ್ಲೇ ಉತ್ತರ ಯೋಚಿಸಿ ಕೊಡುತ್ತದೆ. ಅದು ಉಳಿದುಕೊಳ್ಳುತ್ತದೆ, ಮುಂದೆ ಅದೇ ಜೋಡಿ ಮಾಡಿದವರಿಗೂ ಅದೇ ಉತ್ತರ. ಲೋಕದಲ್ಲಿ ಯಾರಿಗೂ ಸಿಗದ ಪದ ನಿಮಗೆ ಮೊದಲು ಸಿಕ್ಕರೆ "ಮೊದಲ ಶೋಧ" ಅಂತ ಪಕ್ಕದಲ್ಲಿ ತೋರಿಸುತ್ತದೆ. ಅದರ ಖುಷಿ ಬೇರೆಯೇ, ನಾನು ಅಲ್ಲಗಳೆಯುವುದಿಲ್ಲ. ಗಿಡಕ್ಕೆ ಗಿಡ ಸೇರಿಸಿ ಮರ ಮಾಡುವುದರಿಂದ ಹೊರಟು ಅರ್ಧ ಗಂಟೆಯಲ್ಲಿ ಯಾವುದೋ ಸಿನಿಮಾ ಹೆಸರಿಗೋ, ಚರಿತ್ರೆಯ ಒಬ್ಬ ರಾಜನಿಗೋ ತಲುಪಿರುತ್ತೀರಿ.

ಆದರೆ ಅಲ್ಲಿ ಏನು ಬರುತ್ತದೆ ಅನ್ನುವುದಕ್ಕೆ ಬೇಲಿ ಕಡಿಮೆ, ದೊಡ್ಡವರ ಲೋಕದ ಪದಗಳೂ ಬಂದುಬಿಡಬಹುದು. ಇನ್ನೊಂದು, ಎಐ ಕೊಡುವ ಉತ್ತರದಲ್ಲಿ ಕೆಲವು ಸಲ ಇಂಗ್ಲಿಷ್ ಪದಗಳ ಜೋಡಣೆ ಬಿಟ್ಟರೆ ಬೇರೆ ಅರ್ಥ ಇರುವುದಿಲ್ಲ. ಲಿಟಲ್ ಆಲ್ಕೆಮಿಯಲ್ಲಿ ಪ್ರತಿ ಜೋಡಿಯ ಹಿಂದೆಯೂ ಒಬ್ಬ ಮನುಷ್ಯ ಕೂತು "ಇವೆರಡು ಯಾಕೆ ಸೇರಬೇಕು" ಅಂತ ಯೋಚಿಸಿದ್ದಾನೆ. ಆ ಯೋಚನೆಯನ್ನು ನಿಮ್ಮ ಮಗಳು ಊಹಿಸಬಹುದು, ವಾದ ಮಾಡಬಹುದು, ಒಪ್ಪದೆಯೂ ಇರಬಹುದು. ಒಂಬತ್ತರ ವಯಸ್ಸಿಗೆ ಅದು ಚೆನ್ನ. ಇನ್ಫಿನಿಟ್ ಕ್ರಾಫ್ಟ್ ಆಡಬೇಕೆಂದರೆ ನೀವು ಪಕ್ಕದಲ್ಲಿರುವಾಗ ಇಬ್ಬರೂ ಸೇರಿ ಆಡಿ.

ಪ್ರಶ್ನೆ: 2048 ಕೂಡ ಸೇರಿಸುವ ಆಟವೇ ತಾನೇ? ಎರಡೂ ಒಂದೇ ಜಾತಿ ಅಂತ ಸ್ನೇಹಿತನ ಜೊತೆ ವಾದ ಆಗಿದೆ.

ಉತ್ತರ: ನನ್ನ ತೀರ್ಪು ನಿಮ್ಮ ವಿರುದ್ಧ. ಇಟಲಿಯ ಗೇಬ್ರಿಯೆಲೆ ಚಿರುಲ್ಲಿ 19ನೇ ವಯಸ್ಸಿನಲ್ಲಿ, 2014ರ ಮಾರ್ಚಿನಲ್ಲಿ ಮಾಡಿದ, ಅಂಕಿಗಳ ಚೌಕಗಳನ್ನು ಸರಿಸಿ ಸೇರಿಸುವ ಆಟ 2048. ಎರಡಕ್ಕೆ ಎರಡು ಸೇರಿದರೆ ನಾಲ್ಕು, ನಾಲ್ಕಕ್ಕೆ ನಾಲ್ಕು ಸೇರಿದರೆ ಎಂಟು ಅಂತ ಮೊದಲೇ ಗೊತ್ತು. ಕಂಡುಹಿಡಿಯಲು ಅಲ್ಲಿ ಏನೂ ಇಲ್ಲ, ಜಾಗ ತುಂಬದ ಹಾಗೆ ಸರಿಸುವುದೇ ಆಟ. ಜಾಗ ತುಂಬಿ, ಸೇರಿಸಲು ಒಂದು ಜೋಡಿಯೂ ಉಳಿಯದಿದ್ದರೆ ಸೋಲು. ತುಂಬಾ ಒಳ್ಳೆಯ ಆಟ, ಆದರೆ ಮೈ ಸಡಿಲ ಬಿಟ್ಟು ಆಡುವಂಥದ್ದಲ್ಲ.

ಪ್ರಶ್ನೆ: ಮಲಗುವ ಮುಂಚೆ ಹತ್ತು ನಿಮಿಷ ಅಂತ ತೆಗೀತೀನಿ. ಇನ್ನೊಂದು, ಇನ್ನೊಂದು ಅಂತ ಗಂಟೆ ಹನ್ನೆರಡಾಗಿರುತ್ತೆ. ನಿರಾಳ ಆಗೋಕೆ ಆಡೋ ಆಟ ನಿದ್ದೆ ಕೆಡಿಸ್ತಿದೆ.

ಉತ್ತರ: ನನಗೂ ಆಗಿದೆ, ಅದಕ್ಕೇ ಗಂಭೀರವಾಗಿ ಹೇಳುತ್ತೇನೆ. ಬೇರೆ ಆಟಗಳಲ್ಲಿ ಒಂದು ಹಂತ ಮುಗಿಯುತ್ತದೆ, ಅಲ್ಲಿ ನಿಲ್ಲಬಹುದು. ಈ ಆಟದಲ್ಲಿ ಅಂಥ ನಿಲ್ದಾಣವೇ ಇಲ್ಲ, ನಿಲ್ಲಿಸುವ ಕೆಲಸ ಪೂರ್ತಿ ನಮ್ಮದು. ಏನೂ ಸಿಗದೆ ಬೇಜಾರಾದಾಗ ನಿಲ್ಲಿಸೋಣ ಅಂತ ಕಾಯಬೇಡಿ, ಆಗ "ಒಂದಾದರೂ ಸಿಗಲಿ" ಅಂತ ಇನ್ನೂ ಕೂರುತ್ತೀರಿ. ಏನಾದರೂ ಒಳ್ಳೆಯದು ಸಿಕ್ಕ ಕೂಡಲೇ ಮುಚ್ಚಿ. ನಾಳೆ ನೋಡಬೇಕಾದ ಎರಡು ಜೋಡಿಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ, ತಲೆಯಲ್ಲಿ ಇಟ್ಟುಕೊಂಡರೆ ಅದೇ ಸುತ್ತುತ್ತಿರುತ್ತದೆ. ಮತ್ತೆ ಫೋನು ಹಾಸಿಗೆಗೆ ಬೇಡ. ಊಟಕ್ಕೆ ಮುಂಚೆ ಆಡಿ, ಊಟಕ್ಕೆ ಕರೆದಾಗ ಏಳಲೇಬೇಕಲ್ಲ.

ಪ್ರಶ್ನೆ: ಬ್ರೌಸರಿನಲ್ಲಿ ಆಡುತ್ತಿದ್ದೆ. ಫೋನು ನಿಧಾನ ಆಯ್ತು ಅಂತ ತಮ್ಮ ಎಲ್ಲ ಕ್ಲಿಯರ್ ಮಾಡಿದ. 400 ವಸ್ತು ಹೋಯ್ತು!

ಉತ್ತರ: ಅಯ್ಯೋ. ಬ್ರೌಸರಿನಲ್ಲಿ ಆಡುವಾಗ ಎಷ್ಟೋ ಸಲ ಲೆಕ್ಕವೆಲ್ಲ ಆ ಬ್ರೌಸರಿನ ನೆನಪಿನಲ್ಲೇ ಇರುತ್ತದೆ, ಅದನ್ನು ಅಳಿಸಿದರೆ ಇದೂ ಹೋಗುತ್ತದೆ. ಮುಂದೆ ಆಡುವಾಗ ಲಾಗಿನ್ ಆಗುವ ಅನುಕೂಲ ಇದ್ದರೆ ಮೊದಲ ದಿನವೇ ಲಾಗಿನ್ ಆಗಿ. ತಮ್ಮನನ್ನು ಬೈಯಬೇಡಿ, ಅವನಿಗೆ ಗೊತ್ತಿರಲಿಲ್ಲ. ಎರಡನೇ ಸಲ 400 ತಲುಪಲು ಮೊದಲಿನಷ್ಟು ದಿನ ಬೇಕಾಗುವುದಿಲ್ಲ, ಅರ್ಧಕ್ಕರ್ಧ ಜೋಡಿ ಬೆರಳಿಗೇ ನೆನಪಿರುತ್ತದೆ.

ಪ್ರಶ್ನೆ: ಆಂಟಿ, ನನಗೆ 11 ವರ್ಷ. ಅಮ್ಮ ಫೋನ್ ಅರ್ಧ ಗಂಟೆ ಮಾತ್ರ ಕೊಡ್ತಾರೆ. ಈ ಆಟ ಫೋನ್ ಇಲ್ಲದೆ ಆಡಬಹುದಾ? ಕನ್ನಡದಲ್ಲಿ?

ಉತ್ತರ: ಪುಟ್ಟಾ, ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ನಿನ್ನದು. ಖಂಡಿತ ಆಡಬಹುದು. ಫೋನಿಗಿಂತ ಚೆನ್ನಾಗಿಯೂ ಆಡಬಹುದು.

ಹಳೆ ನೋಟ್ ಪುಸ್ತಕದ ಹಾಳೆ ಕತ್ತರಿಸಿ ಚೀಟಿ ಮಾಡು. ನಾಲ್ಕು ಚೀಟಿಯಲ್ಲಿ ನೀರು, ಬೆಂಕಿ, ಮಣ್ಣು, ಗಾಳಿ ಅಂತ ಬರೆ. ಇಬ್ಬರು ಮೂವರು ಸೇರಿ ಕೂತುಕೊಳ್ಳಿ. ಒಬ್ಬರು ಎರಡು ಚೀಟಿ ಎತ್ತಿ ಜೋಡಿಸಿ, ಏನಾಗುತ್ತೆ, ಯಾಕೆ ಆಗುತ್ತೆ ಅಂತ ಹೇಳಬೇಕು. ಬೇರೆಯವರು ಒಪ್ಪಿದರೆ ಹೊಸ ಚೀಟಿ ಬರೆಯಬಹುದು. ಒಪ್ಪದಿದ್ದರೆ ವಾದ ಮಾಡಿ ಒಪ್ಪಿಸಬೇಕು. ಈ "ಯಾಕೆ" ಇದೆಯಲ್ಲ, ಅದನ್ನು ಮಾತ್ರ ಬಿಡಬೇಡಿ, ಫೋನು ಅದನ್ನು ಕೇಳುವುದಿಲ್ಲ.

ಕನ್ನಡದಲ್ಲಿ ಆಡುವಾಗ ಒಂದು ಮಜಾ ಇದೆ. ಮೊಬೈಲ್ ಆಟದಲ್ಲಿ ನೀರಿಗೆ ಮಣ್ಣು ಸೇರಿದರೆ ಒಂದೇ ಪದ, ಅಲ್ಲಿಗೆ ಮುಗಿಯಿತು. ನಮ್ಮಲ್ಲಿ ನೋಡು: ಸುಮ್ನೆ ಸೇರಿದರೆ ಕೆಸರು. ಕಲಕಿ ತೆಳ್ಳಗಾದರೆ ರಾಡಿ. ಹರಿಯುವ ನೀರು ತಂದು ತಳದಲ್ಲಿ ಬಿಟ್ಟರೆ ಹೂಳು. ಹದವಾಗಿ ಅಂಟಿಕೊಂಡರೆ ಜೇಡಿ. ಅಂದರೆ ಕೆಸರಿಗೆ ಇನ್ನಷ್ಟು ನೀರು ಹಾಕಿ ರಾಡಿ ಮಾಡಬಹುದು, ನದಿಗೆ ಕೆಸರು ಹಾಕಿ ಹೂಳು ಮಾಡಬಹುದು, ಜೇಡಿಗೆ ಬೆಂಕಿ ಹಾಕಿ ಮಡಕೆ ಮಾಡಬಹುದು. ಬೆಂಕಿಯದೂ ಹಾಗೇ: ಕಿಡಿ, ಕೆಂಡ, ಉರಿ, ಜ್ವಾಲೆ, ಕೊನೆಗೆ ಬೂದಿ. ಕಿಡಿಗೆ ಗಾಳಿ ಸೇರಿದರೆ ಉರಿ, ಉರಿಗೆ ನೀರು ಬಿದ್ದರೆ ಇದ್ದಿಲಾ, ಹೊಗೆಯಾ? ನನಗೂ ನನ್ನ ಅಕ್ಕನ ಮಗಳಿಗೂ ಇದೇ ಜೋಡಿಗೆ ಒಂದಿಡೀ ಮಧ್ಯಾಹ್ನ ವಾದ ನಡೆಯಿತು. ಕೊನೆಗೆ ಎರಡು ಚೀಟಿ ಬರೆದೆವು.

ಪದ ಸಿಗದಿದ್ದಾಗ ಅಜ್ಜಿ ತಾತ ಇದ್ದರೆ ಅವರನ್ನು ಕೇಳು, ನನಗೂ ನಿನಗೂ ಗೊತ್ತಿಲ್ಲದ್ದು ಅವರಿಗೆ ಗೊತ್ತಿರುತ್ತದೆ. ಮೊದಲು ಗಾಳಿ ಮತ್ತು ನೀರನ್ನು ಹಿಡಿದುಕೋ. ತುಂತುರು, ಸೋನೆ, ಜಡಿಮಳೆ ಇವು ಮೂರೂ ನಿನ್ನ ಚೀಟಿಗಳಲ್ಲಿ ಬರಬೇಕು, ಪ್ರತಿಯೊಂದಕ್ಕೂ ಬೇರೆ ಬೇರೆ ಜೋಡಿ ಇರಬೇಕು. ಯಾವ ಜೋಡಿ ಮಾಡಿದೆ ಅಂತ ಬರೆದು ಕಳಿಸು, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.